‘ಜೆನರಸ್’ ಎಂಬ ಆಂಗ್ಲ ಪದ: ಅದರ ಹುಟ್ಟು, ಹರವು ಮತ್ತು ನಮ್ಮ ಪ್ರಬೋಧನೆ

ಪ್ರಬೋಧನೆಯ ಅಭ್ಯಾಸ ತರಗತಿಯಲ್ಲಿ ನಡೆದ ಒಂದು ಚಿಕ್ಕ ವಾಗ್ವಾದದಿಂದ ಈ ಲೇಖನವನ್ನು ಆರಂಭಿಸುತ್ತೇವೆ. ಅಂದು ಎತ್ತಿಕೊಂಡಿದ್ದ ವಾಚನ, ‘ಎ’ ವರ್ಷದ ಸಾಧಾರಣ ಕಾಲದ ಇಪ್ಪತ್ತೈದನೆಯ ಭಾನುವಾರದ್ದು. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ (ಮತ್ತಾಯ 20:1-16). ಪ್ರಬೋಧನೆ ಸಿದ್ಧಪಡಿಸಿದ್ದ ಗುರುವಿದ್ಯಾರ್ಥಿ ಸಾಕಷ್ಟು ಶ್ರಮವಹಿಸಿದ್ದರು. ಗ್ರಂಥಾಲಯದಲ್ಲಿ ನಾಲ್ಕಾರು ಆಂಗ್ಲ ವ್ಯಾಖ್ಯಾನಗಳನ್ನು ಓದಿ, ಅವುಗಳಲ್ಲಿ ಮತ್ತೆ ಮತ್ತೆ ಎದುರಾದ ‘ಜೆನರಸ್’ ಎಂಬ ಪದಕ್ಕೆ ‘ದಾನಶೀಲ’ ಎಂದು ಅರ್ಥ ಬರೆದುಕೊಂಡಿದ್ದರು. ಹೀಗಾಗಿ ತೋಟದ ಯಜಮಾನ ಅವರ ಪ್ರಬೋಧನೆಯಲ್ಲಿ ಮಹಾದಾನಿಯಾದ. ಕೊನೆಗೆ ಭಕ್ತಾದಿಗಳೂ ಅವನಂತೆ ಕೈಬಿಚ್ಚಿ ದಾನ ಮಾಡಬೇಕೆಂಬ ಕರೆಯೂ ಬಂತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಮತ್ತೊಬ್ಬ ವಿದ್ಯಾರ್ಥಿ ಎದ್ದು ನಿಂತರು. ಅವರು ಕಾಫಿ ತೋಟದ ಕೂಲಿಕಾರರ ಮನೆಯಲ್ಲಿ ಬೆಳೆದವರು. “ಫಾದರ್, ಸಂಜೆ ಬಟವಾಡೆಗೆ ಸಾಲಿನಲ್ಲಿ ನಿಂತವರಿಗೆ ಕೊಡುವುದು ಕೂಲಿ. ಅದನ್ನು ದಾನ ಎನ್ನುವುದು ಹೇಗೆ?” ಎಂದು ಕೇಳಿದರು. ಪ್ರಬೋಧಕರು ಉತ್ತರಕ್ಕಾಗಿ ನಮ್ಮ ಮುಖ ನೋಡಿದರು. ನಮ್ಮಲ್ಲಿಯೂ ಆ ಕ್ಷಣಕ್ಕೆ ಉತ್ತರವಿರಲಿಲ್ಲ.

ಉತ್ತರ ಹುಡುಕುತ್ತ ಹೋದಾಗ ಸಮಸ್ಯೆಯ ಅರ್ಧಭಾಗ ಆಂಗ್ಲ ಪದದಲ್ಲಿಯೇ ಇದೆಯೆಂದು ತೋರಿತು. ನಾವು ದೈವಶಾಸ್ತ್ರವನ್ನು ಬಹುಮಟ್ಟಿಗೆ ಆಂಗ್ಲದಲ್ಲಿ ಓದುತ್ತೇವೆ, ಕನ್ನಡದಲ್ಲಿ ಬೋಧಿಸುತ್ತೇವೆ. ಈ ಎರಡರ ನಡುವಿನ ಸೇತುವೆಯ ಮೇಲೆ ಯಾವ ಪದ ಯಾವ ಹೊರೆ ಹೊತ್ತು ಬರುತ್ತಿದೆ ಎಂದು ತಪಾಸಣೆ ಮಾಡುವವರು ಕಡಮೆ. ‘ಜೆನರಸ್’, ‘ಜೆನರಾಸಿಟಿ’ ಎಂಬ ಜೋಡಿ ಪದಗಳು ಹೊತ್ತು ತರುವ ಹೊರೆಯನ್ನು ಇಲ್ಲಿ ಸ್ವಲ್ಪ ಬಿಚ್ಚಿ ನೋಡುವುದು ನಮ್ಮ ಉದ್ದೇಶ.

ಹುಟ್ಟಿನ ಪದ

ಇಂದಿನ ಆಂಗ್ಲದಲ್ಲಿ ‘ಜೆನರಸ್’ ಎಂದರೆ ಮೊದಲು ನೆನಪಾಗುವುದು ಕೊಡುವ ಕೈ. ಆದರೆ ಈ ಪದ ಹುಟ್ಟಿದ್ದು ಕೈಯಿಂದಲ್ಲ, ವಂಶದಿಂದ. ಲತೀನಿನ ‘ಗೆನೆರೋಸುಸ್’ ಎಂದರೆ ಒಳ್ಳೆಯ ಕುಲದಲ್ಲಿ ಜನಿಸಿದವನು. ‘ಗೆನುಸ್’ ಎಂದರೆ ಹುಟ್ಟು, ವಂಶ, ಬಗೆ. ಮನುಷ್ಯರಿಗೆ ಮಾತ್ರವಲ್ಲದೆ ಒಳ್ಳೆಯ ತಳಿಯ ಕುದುರೆಗೂ ಒಳ್ಳೆಯ ದ್ರಾಕ್ಷಾರಸಕ್ಕೂ ರೋಮನ್ನರು ಈ ವಿಶೇಷಣವನ್ನು ಬಳಸುತ್ತಿದ್ದರು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರೆಂಚ್ ಭಾಷೆಯ ಮೂಲಕ ಆಂಗ್ಲಕ್ಕೆ ಬಂದಾಗಲೂ ಇದರ ಅರ್ಥ ‘ಕುಲೀನ’ ಎಂದೇ ಇತ್ತು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಈ ಪದ ಕಂಡಲ್ಲಿ ಕೊಡುಗೈ ದಾನಿಯನ್ನು ಹುಡುಕುವ ಓದುಗ ಹಲವೆಡೆ ಎಡವುತ್ತಾನೆ. ಅಲ್ಲಿ ಇರುವವರು ಊರಿನ ದೊಡ್ಡ ಮನೆತನದವರು.

ಕುಲದಿಂದ ಗುಣಕ್ಕೆ ಅರ್ಥ ಸರಿದದ್ದು ಮುಂದಿನ ಹೆಜ್ಜೆ. ಕುಲೀನನಿಗೆ ಇರಬೇಕಾದ ಗುಣಗಳು ಯಾವುವು? ಧೈರ್ಯ, ಕ್ಷಮೆ, ಸಣ್ಣತನವಿಲ್ಲದ ಮನಸ್ಸು. ಹದಿನೇಳನೆಯ ಶತಮಾನದಲ್ಲಿ ‘ಜೆನರಸ್’ ಎಂದರೆ ಬಹುಮಟ್ಟಿಗೆ ಇದೇ. ಫ್ರೆಂಚ್ ತತ್ತ್ವಜ್ಞ ದೆಕಾರ್ತ್ 1649ರಲ್ಲಿ ಪ್ರಕಟಿಸಿದ, ಭಾವೋದ್ವೇಗಗಳನ್ನು ಕುರಿತ ಗ್ರಂಥದಲ್ಲಿ ‘ಜೆನೆರೊಸಿತೆ’ಗೆ ಉನ್ನತ ಸ್ಥಾನವಿದೆ, ಅಲ್ಲಿ ಅದು ಹಣ ಕೊಡುವುದಕ್ಕೆ ಸಂಬಂಧಿಸಿದ್ದಲ್ಲ, ತನ್ನ ಸ್ವತಂತ್ರ ಇಚ್ಛಾಶಕ್ತಿಯನ್ನು ಚೆನ್ನಾಗಿ ಬಳಸುವೆನೆಂಬ ನಿರ್ಧಾರದಿಂದ ಹುಟ್ಟುವ ಆತ್ಮಗೌರವ. ಕೊಡುವಿಕೆಯ ಅರ್ಥ ಇದರ ಪಕ್ಕದಲ್ಲಿಯೇ ಮೊಳೆತು ಕ್ರಮೇಣ ಉಳಿದವನ್ನೆಲ್ಲ ಹಿಂದಕ್ಕೆ ತಳ್ಳಿತು. ಇಂದು ಅಳತೆಗೂ ಆ ಪದ ಸಲ್ಲುತ್ತದೆ: ತಟ್ಟೆಗೆ ಬಡಿಸಿದ ಅನ್ನ, ದರ್ಜಿ ಬಿಟ್ಟ ಹೊಲಿಗೆಯ ಅಂಚು, ಪರೀಕ್ಷಕರು ಹಾಕಿದ ಅಂಕ, ಎಲ್ಲವೂ ‘ಜೆನರಸ್’ ಆಗಬಹುದು. (ಪರೀಕ್ಷೆಯ ಮಾರನೆಯ ದಿನ ನಮ್ಮ ಕೋಣೆಯ ಬಾಗಿಲಲ್ಲಿ ಈ ಪದವನ್ನು ಕೇಳುವಷ್ಟು ಬೇರೆಲ್ಲಿಯೂ ಕೇಳಿಲ್ಲ.)

ಈ ವಂಶವೃಕ್ಷದ ಇನ್ನೊಂದು ಕೊಂಬೆ ನಮ್ಮ ಅಂಗಳಕ್ಕೇ ಚಾಚಿದೆ. ಲತೀನಿನ ‘ಗೆನುಸ್’ ಮತ್ತು ಸಂಸ್ಕೃತದ ‘ಜನ್’ ಧಾತು ಒಂದೇ ಪ್ರಾಚೀನ ಮೂಲದಿಂದ ಬಂದವೆಂಬುದು ಭಾಷಾಶಾಸ್ತ್ರಜ್ಞರ ಒಮ್ಮತ. ಆ ‘ಜನ್’ ಧಾತುವಿನಿಂದಲೇ ‘ಜನ’, ‘ಜನ್ಮ’, ‘ಜಾತಿ’ ಎಂಬ ಪದಗಳು ಬಂದಿವೆ. ಆಂಗ್ಲದ ‘ಜೆಂಟಲ್’, ‘ಜೆಂಟಲ್‌ಮನ್’, ಅಷ್ಟೇ ಏಕೆ, ‘ಕೈಂಡ್’ ಎಂಬ ಪದ ಕೂಡ ಇದೇ ಬಳಗಕ್ಕೆ ಸೇರಿದವು. ಅಂದರೆ ‘ಜೆನರಾಸಿಟಿ’ ಮತ್ತು ‘ಜಾತಿ’ ದೂರದ ದಾಯಾದಿಗಳು. ಒಂದು ಕಡೆ ಹುಟ್ಟಿನ ಪದ ಕೊಡುವ ಗುಣವಾಯಿತು. ಮತ್ತೊಂದು ಕಡೆ ಅದು ಕೊಡಬಾರದ, ಮುಟ್ಟಬಾರದ, ಒಟ್ಟಿಗೆ ಉಣ್ಣಬಾರದ ಗೋಡೆಯಾಯಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಬೇಕಾಯಿತೆಂಬುದನ್ನು ನೆನೆದರೆ, ಆ ಗೋಡೆ ದೇವಾಲಯದ ಹೊರಗೆ ಮಾತ್ರವಿಲ್ಲ ಎಂಬುದು ಸ್ಪಷ್ಟ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆವು. ಪದದ ಬೇರನ್ನು ಅಗೆದು ತೆಗೆದು ಅದನ್ನೇ ದೈವಶಾಸ್ತ್ರವೆಂದು ಬಡಿಸುವ ಚಾಳಿ ನಮ್ಮ ಪ್ರಬೋಧನಾ ಪೀಠಗಳಲ್ಲಿ ಬಹಳ ಇದೆ. ಜೇಮ್ಸ್ ಬಾರ್ ಎಂಬ ವಿದ್ವಾಂಸರು ಬೈಬಲ್ ಭಾಷೆಯ ಅರ್ಥವಿಚಾರವನ್ನು ಕುರಿತು 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಚಾಳಿಯನ್ನು ಕಟುವಾಗಿ ಟೀಕಿಸಿದರು: ಪದದ ಅರ್ಥ ಅದರ ಬಳಕೆಯಲ್ಲಿದೆ, ಬೇರಿನಲ್ಲಿ ಅಲ್ಲ. ನಾವು ಅದನ್ನು ಒಪ್ಪುತ್ತೇವೆ. ದೀಕ್ಷಾಸ್ನಾನ ಪಡೆದವರು ಮೇಲಿನಿಂದ ಹುಟ್ಟಿದವರು ಎಂಬ ಬೋಧನೆಗೆ ಆಧಾರ ಯೊವಾನ್ನರ ಶುಭಸಂದೇಶದ ಮೂರನೆಯ ಅಧ್ಯಾಯವೇ ಹೊರತು ಲತೀನಿನ ‘ಗೆನುಸ್’ ಅಲ್ಲ. ಆದರೂ ಪದದ ಚರಿತ್ರೆಗೆ ಒಂದು ಉಪಯೋಗವಿದೆ. ಬಳಕೆಯಲ್ಲಿ ಇನ್ನೂ ಉಳಿದುಕೊಂಡಿರುವ ಹಳೆಯ ವಾಸನೆ ಎಲ್ಲಿಂದ ಬಂತೆಂದು ಅದು ತಿಳಿಸುತ್ತದೆ. ‘ಜೆನರಸ್’ ಎಂಬ ಹೊಗಳಿಕೆಯಲ್ಲಿ ಇಂದಿಗೂ ಮೇಲಿನವರು ಕೆಳಗಿನವರಿಗೆ ಕೊಟ್ಟರು ಎಂಬ ಧ್ವನಿ ಪೂರ್ತಿ ಅಡಗಿಲ್ಲ.

ಈ ಧ್ವನಿ ಆಂಗ್ಲಕ್ಕೆ ಮಾತ್ರ ಸೀಮಿತವೆಂದು ಭಾವಿಸಬೇಕಾಗಿಲ್ಲ. ನಮ್ಮ ‘ಉದಾರ’ ಎಂಬ ಪದಕ್ಕೆ ಸಂಸ್ಕೃತದಲ್ಲಿ ಎತ್ತರದ, ಉನ್ನತವಾದ ಎಂಬ ಅರ್ಥಗಳಿವೆ. ಹೀಬ್ರೂ ಭಾಷೆಯ ‘ನಾದೀಬ್’ ಎಂಬ ಪದವಂತೂ ಮನಃಪೂರ್ವಕವಾಗಿ ಕೊಡುವವನಿಗೂ ಸಲ್ಲುತ್ತದೆ, ಪ್ರಭುವರ್ಗದವನಿಗೂ ಸಲ್ಲುತ್ತದೆ. ಯೆಶಾಯನ ಗ್ರಂಥದ 32ನೆಯ ಅಧ್ಯಾಯದಲ್ಲಿ ಈ ಪದ ಬಂದಲ್ಲಿ 1611ರ ಕಿಂಗ್ ಜೇಮ್ಸ್ ಅನುವಾದ ‘ಲಿಬರಲ್’ ಎಂದರೆ, ಆರ್.ಎಸ್.ವಿ. ಅನುವಾದ ‘ನೋಬಲ್’ ಎನ್ನುತ್ತದೆ. ಇಬ್ಬರೂ ತಪ್ಪಿಲ್ಲ. ನೀಚನನ್ನು ಇನ್ನು ಮುಂದೆ ‘ನಾದೀಬ್’ ಎಂದು ಕರೆಯರು ಎಂಬ ಆ ಪ್ರವಾದನೆ, ಬಿರುದು ಮತ್ತು ಗುಣ ಬೇರೆಯಾಗಿದ್ದ ಕಾಲಕ್ಕೆ ಹೇಳಿದ ಮಾತು. ಇದೇ ಪದ ವಿಮೋಚನಾಕಾಂಡದ 35ನೆಯ ಅಧ್ಯಾಯದಲ್ಲಿ ಮರುಭೂಮಿಯ ದೇವದರ್ಶನದ ಗುಡಾರಕ್ಕೆ ಕಾಣಿಕೆ ತಂದವರ ಹೃದಯವನ್ನು ವರ್ಣಿಸುತ್ತದೆ. ಅಲ್ಲಿ ತಂದವರು ಪ್ರಭುಗಳಲ್ಲ. ನಿನ್ನೆ ಮೊನ್ನೆಯವರೆಗೆ ಈಜಿಪ್ಟಿನಲ್ಲಿ ಇಟ್ಟಿಗೆ ಹೊತ್ತ ಗುಲಾಮರು.

ನೆರೆಹೊರೆಯ ಪದಗಳು

‘ಜೆನರಸ್’ ಒಂಟಿಯಾಗಿ ನಿಂತ ಪದವಲ್ಲ. ಆಂಗ್ಲದಲ್ಲಿ ಅದಕ್ಕೆ ದೊಡ್ಡ ನೆರೆಹೊರೆಯಿದೆ. ‘ಲಾರ್ಜೆಸ್’ ಎಂಬುದರಲ್ಲಿ ಅರಮನೆಯ ಉಪ್ಪರಿಗೆಯಿಂದ ನಾಣ್ಯ ಎರಚುವ ಚಿತ್ರವಿದೆ. ‘ಮ್ಯೂನಿಫಿಸೆನ್ಸ್’ ವಿಶ್ವವಿದ್ಯಾಲಯಕ್ಕೆ ಕಟ್ಟಡ ಕಟ್ಟಿಸಿಕೊಡುವವರದು. ‘ಬೌಂಟಿ’ ಲತೀನಿನ ‘ಒಳ್ಳೆಯತನ’ದಿಂದ ಬಂದರೂ ಇಂದು ತಲೆತಪ್ಪಿಸಿಕೊಂಡ ಅಪರಾಧಿಯ ತಲೆಗೆ ಕಟ್ಟುವ ಬೆಲೆಗೂ ಅದೇ ಹೆಸರು. ‘ಚಾರಿಟಿ’ಯ ಪಾಡು ನಮಗೆಲ್ಲ ಗೊತ್ತು: ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೆಯ ಅಧ್ಯಾಯದಲ್ಲಿ ದೈವಿಕ ಪ್ರೀತಿಯ ಹೆಸರಾಗಿ ಕಿಂಗ್ ಜೇಮ್ಸ್ ಅನುವಾದದಲ್ಲಿ ರಾರಾಜಿಸಿದ ಪದ, 1881ರ ಪರಿಷ್ಕೃತ ಅನುವಾದದ ಹೊತ್ತಿಗೆ ‘ಲವ್’ ಎಂಬುದಕ್ಕೆ ಜಾಗ ಬಿಟ್ಟುಕೊಟ್ಟಿತು, ಜನರ ಬಾಯಲ್ಲಿ ಅದು ಭಿಕ್ಷೆಯ ಮಟ್ಟಕ್ಕೆ ಇಳಿದಿತ್ತು.

‘ಬೆನೆವೊಲೆನ್ಸ್’ ಎಂಬ ಪದದ ಕಥೆಯನ್ನು ಮಾತ್ರ ಸ್ವಲ್ಪ ನಿಂತು ಹೇಳಬೇಕು. ಶಬ್ದಾರ್ಥ ನೋಡಿದರೆ ‘ಸದಿಚ್ಛೆ’. ಇಂಗ್ಲೆಂಡಿನ ದೊರೆ ನಾಲ್ಕನೆಯ ಎಡ್ವರ್ಡ್ 1470ರ ದಶಕದಲ್ಲಿ ಫ್ರಾನ್ಸಿನ ಮೇಲಿನ ದಂಡಯಾತ್ರೆಗೆ ಹಣ ಬೇಕಾದಾಗ ಸಂಸತ್ತಿನ ಒಪ್ಪಿಗೆ ಪಡೆದ ತೆರಿಗೆ ಸಾಲದೆಂದು ಸಿರಿವಂತ ಪ್ರಜೆಗಳಿಂದ ‘ಪ್ರೀತಿಯ ಕಾಣಿಕೆ’ ಎತ್ತಿದ. ಅದಕ್ಕೆ ಇಟ್ಟ ಹೆಸರೇ ‘ಬೆನೆವೊಲೆನ್ಸ್’. ದೊರೆಯೇ ಕೇಳಿದಾಗ ಇಲ್ಲವೆನ್ನುವವರು ಯಾರು? ಮೂರನೆಯ ರಿಚರ್ಡನ ಆಳ್ವಿಕೆಯಲ್ಲಿ, 1484ರಲ್ಲಿ, ಸಂಸತ್ತು ಇದನ್ನು ಶಾಸನದ ಮೂಲಕ ನಿಷೇಧಿಸಿತು. ಆದರೂ ಮುಂದಿನ ದೊರೆಗಳು ಅದನ್ನು ಮತ್ತೆ ಎತ್ತದೆ ಬಿಡಲಿಲ್ಲ. ಸದಿಚ್ಛೆ ಎಂಬ ಹೆಸರಿನ ಸುಲಿಗೆ ನಡೆಯಬಲ್ಲದೆಂಬುದನ್ನು ಸಂತ ಪೌಲರು ಅದಕ್ಕೆ ಹದಿನಾಲ್ಕು ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು. ಕೊರಿಂಥದವರ ಕಾಣಿಕೆ ಆಶೀರ್ವಾದದಂತಿರಬೇಕು, ದುರಾಶೆಯಿಂದ ಕಿತ್ತುಕೊಂಡದ್ದರಂತೆ ಇರಬಾರದು ಎಂದು ಅವರು ಎಚ್ಚರಿಸುತ್ತಾರೆ (2 ಕೊರಿಂಥ 9:5). ಧರ್ಮಕೇಂದ್ರದ ಪ್ರತಿ ಕುಟುಂಬಕ್ಕೂ ಇಂತಿಷ್ಟೆಂದು ನಿಗದಿಮಾಡಿ ರಸೀದಿಯಲ್ಲಿ ‘ಉದಾರ ಕೊಡುಗೆ’ ಎಂದು ಅಚ್ಚುಹಾಕಿಸುವ ನಾವು ಈ ವಾಕ್ಯದ ಮುಂದೆ ಸ್ವಲ್ಪ ಹೊತ್ತು ಕುಳಿತಿರುವುದು ಒಳ್ಳೆಯದು.

ಇನ್ನುಳಿದದ್ದು ‘ಲಿಬರಲ್’. ಇದು ‘ಜೆನರಸ್’ ಪದದ ಹಿರಿಯಣ್ಣ. ಅರಿಸ್ಟಾಟಲನ ನೀತಿಶಾಸ್ತ್ರದ ನಾಲ್ಕನೆಯ ಸಂಪುಟ ಕೊಡುವ ಗುಣವನ್ನು ‘ಎಲೆಉಥೆರಿಯೊತೇಸ್’ ಎಂದು ಕರೆಯುತ್ತದೆ: ಗುಲಾಮನಲ್ಲದ, ಸ್ವತಂತ್ರ ಮನುಷ್ಯನಿಗೆ ತಕ್ಕ ಗುಣ. ಲತೀನಿನ ‘ಲಿಬೆರಾಲಿತಾಸ್’ ಅದರ ನೇರ ಪಡಿಯಚ್ಚು. ಇಲ್ಲಿಯೂ ಹುಟ್ಟು ಮತ್ತು ಅಂತಸ್ತು ಒಳಗೆ ಕುಳಿತಿವೆ. ಆದರೆ ಸಂತ ಥಾಮಸ್ ಅಕ್ವಿನಾಸರು ಈ ಪದವನ್ನು ಎತ್ತಿಕೊಂಡಾಗ ಏನು ಮಾಡುತ್ತಾರೆಂಬುದನ್ನು ಗಮನಿಸಬೇಕು (ಸುಮ್ಮಾ, ಎರಡನೆಯ ಭಾಗದ ಎರಡನೆಯ ವಿಭಾಗ, ಪ್ರಶ್ನೆ 117). ಸ್ವತಂತ್ರನಾಗಿ ಹುಟ್ಟಿದವನು ಕೊಡುತ್ತಾನೆ ಎಂಬಲ್ಲಿಗೆ ಅವರು ನಿಲ್ಲುವುದಿಲ್ಲ. ಒಬ್ಬನು ತನ್ನ ವಸ್ತುವನ್ನು ಕೈಬಿಟ್ಟಾಗ ಅದನ್ನು ತನ್ನ ಒಡೆತನದಿಂದ ಬಿಡುಗಡೆ ಮಾಡುತ್ತಾನೆ, ಹಾಗೆ ಮಾಡುವಾಗ ತನ್ನ ಮನಸ್ಸು ಅದಕ್ಕೆ ಅಂಟಿಕೊಂಡಿಲ್ಲವೆಂದು ತೋರಿಸುತ್ತಾನೆ ಎಂದು ವಿವರಿಸುತ್ತಾರೆ. ಸ್ವಾತಂತ್ರ್ಯ ಹುಟ್ಟಿನಿಂದ ಬಿಡುವಿಕೆಯ ಕ್ರಿಯೆಗೆ ದಾಟಿತು. ಜೊತೆಗೆ, ಅರಿಸ್ಟಾಟಲನನ್ನು ಅನುಸರಿಸಿಯೇ, ಈ ಗುಣ ಕೊಟ್ಟ ಮೊತ್ತದಲ್ಲಿಲ್ಲ, ಕೊಡುವವನ ಮನೋಧರ್ಮದಲ್ಲಿದೆ ಎನ್ನುತ್ತಾರೆ. ಭಾರೀ ವೆಚ್ಚದ ಮಹತ್ಕಾರ್ಯಗಳ ಗುಣವಾದ ‘ಮಾಗ್ನಿಫಿಚೆಂಚಿಯ’ವನ್ನು ಕುರಿತು ಬರೆಯುವಾಗ ಮಾತ್ರ ಅವರು ಅರಿಸ್ಟಾಟಲನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ. ಬಡವನಿಗೆ ಆ ಗುಣ ಸಾಧ್ಯವಿಲ್ಲವೆಂದು ಅರಿಸ್ಟಾಟಲ್ ಹೇಳಿದ್ದ. ಗುಣದ ಮುಖ್ಯ ಕ್ರಿಯೆ ಒಳಗಿನ ಆಯ್ಕೆಯಾದುದರಿಂದ ಹೊರಗಿನ ಸಂಪತ್ತಿಲ್ಲದ ಬಡವನಿಗೂ ಅದು ಸಾಧ್ಯ ಎಂಬುದು ಅಕ್ವಿನಾಸರ ಉತ್ತರ (ಪ್ರಶ್ನೆ 134). ಪರೀಕ್ಷೆಗೆ ಓದುವಾಗ ಈ ಚಿಕ್ಕ ಪ್ರತ್ಯುತ್ತರವನ್ನು ನಮ್ಮ ವಿದ್ಯಾರ್ಥಿಗಳು ದಾಟಿಹೋಗುತ್ತಾರೆ. ಬಡ ವಿಧವೆಯ ಎರಡು ಕಾಸು (ಮಾರ್ಕ 12:41-44) ಗೊತ್ತಿದ್ದವರು ಮಾತ್ರ ಅದನ್ನು ಬರೆಯಬಲ್ಲರು ಎಂದು ನಮಗೆ ಅನ್ನಿಸುತ್ತದೆ.

ಆಂಗ್ಲದಲ್ಲಿ ‘ಲಿಬರಲ್’ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ರಾಜಕೀಯ ಪಕ್ಷವೊಂದರ ಹೆಸರಾಗಿ, ಬಳಿಕ ದೈವಶಾಸ್ತ್ರದ ಒಂದು ಪಂಥದ ಹೆಸರೂ ಆಗಿ, ಇಂದು ಬೈಗುಳವೂ ಆಗಿದೆ. ಅದು ಖಾಲಿ ಮಾಡಿದ ಮನೆಗೆ ‘ಜೆನರಸ್’ ಬಾಡಿಗೆಗೆ ಬಂತು ಎನ್ನಬಹುದು. ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳ ಐದನೆಯ ಟಿಪ್ಪಣಿಯಲ್ಲಿ ಸಾಧಕನಿಗೆ ಇರಬೇಕಾದದ್ದು ಸ್ಪ್ಯಾನಿಷ್ ಮೂಲದಲ್ಲಿ ‘ಲಿಬೆರಾಲಿದಾದ್’. ಆಂಗ್ಲ ಅನುವಾದಗಳಲ್ಲಿ ಅದು ‘ಜೆನರಾಸಿಟಿ’. (ಅವರ ಹೆಸರಿನಲ್ಲಿ ಪ್ರಚಲಿತವಿರುವ ‘ಜೆನರಾಸಿಟಿಗಾಗಿ ಪ್ರಾರ್ಥನೆ’ ಮಾತ್ರ ಅವರ ಬರಹಗಳಲ್ಲಿ ಸಿಗುವುದಿಲ್ಲ; ಪ್ರಾರ್ಥನೆ ಚೆನ್ನಾಗಿದೆ, ಅದು ಬೇರೆ ಮಾತು.)

ಮಡಿಕೆಯಿಲ್ಲದ ಮನಸ್ಸು

ಕಿಂಗ್ ಜೇಮ್ಸ್ ಅನುವಾದದಲ್ಲಿ ‘ಜೆನರಸ್’ ಎಂಬ ಪದ ಒಮ್ಮೆಯೂ ಬರುವುದಿಲ್ಲ. 1989ರ ಎನ್.ಆರ್.ಎಸ್.ವಿ. ಅನುವಾದವನ್ನು ತೆರೆದರೆ ಅದು ಪುಟಪುಟಗಳಲ್ಲಿ ಎದುರಾಗುತ್ತದೆ. ಹಾಗಾದರೆ ಮೂಲದಲ್ಲಿ ಏನಿದೆ? ಒಂದೇ ಪದವಿಲ್ಲ, ಹಲವಿವೆ.

ಮೊದಲನೆಯದು ‘ಹಾಪ್ಲೊತೇಸ್’. ಇದರ ಮೂಲಾರ್ಥ ಸರಳತೆ. ಒಂದೇ ಪದರದ್ದು, ಮಡಿಕೆಯಿಲ್ಲದ್ದು. ಮಕೆದೋನಿಯದ ಧರ್ಮಸಭೆಗಳ ಕಡು ಬಡತನದಿಂದ ಉಕ್ಕಿ ಹರಿದದ್ದು ಈ ಸರಳತೆಯ ಸಿರಿ ಎನ್ನುತ್ತಾರೆ ಪೌಲರು (2 ಕೊರಿಂಥ 8:2). ವುಲ್ಗಾತ ಅನುವಾದ ‘ಸಿಂಪ್ಲಿಚಿತಾಸ್’ ಎಂದೇ ಉಳಿಸಿಕೊಂಡಿತು; ಅದನ್ನು ಅನುಸರಿಸಿದ 1582ರ ರೀಮ್ಸ್ ಆಂಗ್ಲ ಅನುವಾದವೂ ಸರಳತೆಯನ್ನೇ ಹಿಡಿದುಕೊಂಡಿತು. ಕಿಂಗ್ ಜೇಮ್ಸ್‌ನಲ್ಲಿ ಅದು ‘ಲಿಬರಾಲಿಟಿ’, ಎನ್.ಆರ್.ಎಸ್.ವಿ.ಯಲ್ಲಿ ‘ಜೆನರಾಸಿಟಿ’. ಅನುವಾದಕರನ್ನು ದೂರುವಂತಿಲ್ಲ, ಸಂದರ್ಭದಲ್ಲಿ ಕೊಡುವಿಕೆಯ ಅರ್ಥ ಸ್ಪಷ್ಟವಾಗಿದೆ. ಆದರೂ ಏನೋ ಸೋರಿಹೋಯಿತು. ಕೊಡುವಾಗ ಮನಸ್ಸಿನ ಮಡಿಕೆಯೊಳಗೆ ಬೇರೊಂದು ಲೆಕ್ಕವನ್ನು ಬಚ್ಚಿಟ್ಟುಕೊಳ್ಳದಿರುವುದು ‘ಹಾಪ್ಲೊತೇಸ್’. ಅದಕ್ಕೆ ಕುಲ ಬೇಕಿಲ್ಲ, ಅಂತಸ್ತು ಬೇಕಿಲ್ಲ. ಕುಲೀನರ ಗುಣವಾಗಿದ್ದ ಪದವನ್ನು ಕಡು ಬಡವರ ಮೇಲೆ ಹೊದಿಸಿದಾಗ ಆಂಗ್ಲ ಅನುವಾದ ಅರಿಯದೆಯೇ ಒಂದು ಸೊಗಸಾದ ಕೆಲಸ ಮಾಡಿದೆ ಎಂದೂ ಹೇಳಬಹುದು. ಕೊರಿಂಥದಲ್ಲಿ ಉತ್ತಮ ಕುಲದವರು ಬಹಳ ಮಂದಿಯಿಲ್ಲ ಎಂದು ಬರೆದವರೂ ಅದೇ ಪೌಲರಲ್ಲವೇ (1 ಕೊರಿಂಥ 1:26).

ಇದೇ ಬಳಗದ ಕ್ರಿಯಾವಿಶೇಷಣ ಯಕೋಬರ ಪತ್ರದಲ್ಲಿ ದೇವರಿಗೇ ಸಲ್ಲುತ್ತದೆ (1:5). ದೇವರು ಎಲ್ಲರಿಗೂ ‘ಹಾಪ್ಲೋಸ್’ ಕೊಡುತ್ತಾರೆ, ಹಂಗಿಸದೆ ಕೊಡುತ್ತಾರೆ. ಈ ಎರಡನೆಯ ಭಾಗವನ್ನು ಎನ್.ಆರ್.ಎಸ್.ವಿ. ‘ಗೊಣಗದೆ’ ಎಂಬ ಅರ್ಥದ ಪದದಿಂದ ಅನುವಾದಿಸುತ್ತದೆ. ಗ್ರೀಕಿನಲ್ಲಿರುವುದು ಅದಕ್ಕಿಂತ ಹರಿತವಾದ ಮಾತು, ಮೂದಲಿಸುವುದಕ್ಕೆ ಸಂಬಂಧಿಸಿದ್ದು. ಇಲ್ಲಿ ಕನ್ನಡ ಆಂಗ್ಲಕ್ಕಿಂತ ಸಿರಿವಂತವಾಗಿದೆ. ‘ಹಂಗು’ ಎಂಬ ಪದದ ಭಾರವನ್ನು ಹೊರಬಲ್ಲ ಒಂದೇ ಪದ ಆಂಗ್ಲದಲ್ಲಿ ನಮಗೆ ಸಿಕ್ಕಿಲ್ಲ. ಕೊಟ್ಟದ್ದನ್ನು ಆಡಿ ತೋರಿಸುವುದು, ಉಂಡವನ ತಲೆ ತಗ್ಗುವಂತೆ ಮಾಡುವುದು, ಇವೆಲ್ಲ ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿದ್ದ ಪಾಪಗಳು. ದೇವರದು ಹಂಗಿಲ್ಲದ ಕೊಡುಗೆ ಎಂದರೆ ಹಳ್ಳಿಯ ಸಭೆಯೂ ತಟ್ಟನೆ ತಿಳಿಯುತ್ತದೆ. ‘ದೇವರು ಮಹಾದಾನಿ’ ಎಂದಾಗ ಅದು ತಿಳಿಯುವುದಿಲ್ಲ, ಏಕೆಂದರೆ ಅವರು ಕಂಡ ದಾನಿಗಳು ಹಂಗಿಸುವವರೂ ಹೌದು.

ಎರಡನೆಯ ಪದ ‘ಖಾರಿಸ್’: ಕೃಪೆ, ವರಪ್ರಸಾದ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8 ಮತ್ತು 9ನೆಯ ಅಧ್ಯಾಯಗಳಲ್ಲಿ, ಜೆರುಸಲೇಮಿನ ಬಡವರಿಗಾಗಿ ಹಣ ಸಂಗ್ರಹಿಸುವ ವಿಷಯದಲ್ಲಿ, ಪೌಲರು ಈ ಒಂದೇ ಪದವನ್ನು ಹತ್ತು ಸಲ ಬಳಸುತ್ತಾರೆ. ಮಕೆದೋನಿಯದವರಿಗೆ ದೇವರಿತ್ತದ್ದು ಖಾರಿಸ್. ಅವರು ಬೇಡಿಕೊಂಡ ಅವಕಾಶ ಖಾರಿಸ್. ತೀತನು ಪೂರ್ತಿಗೊಳಿಸಬೇಕಾದ ಕೆಲಸ ಖಾರಿಸ್. ಸಿರಿವಂತರಾಗಿದ್ದು ನಮಗಾಗಿ ಬಡವರಾದ ಪ್ರಭು ಯೇಸುಕ್ರಿಸ್ತರದು ಖಾರಿಸ್. ಕೊನೆಗೆ ದೇವರಿಗೆ ಸಲ್ಲುವ ಕೃತಜ್ಞತೆಯೂ ಖಾರಿಸ್. ಎನ್.ಆರ್.ಎಸ್.ವಿ. ಓದುವವರಿಗೆ ಇದು ಕಾಣುವುದೇ ಇಲ್ಲ: ಒಂದೆಡೆ ‘ಗ್ರೇಸ್’, ಒಂದೆಡೆ ‘ಪ್ರಿವಿಲೆಜ್’, ಮೂರು ಕಡೆ ‘ಜೆನರಸ್’ ಕೆಲಸ, ಕ್ರಿಸ್ತರ ವಿಷಯದಲ್ಲಿ ‘ಜೆನರಸ್’ ಕ್ರಿಯೆ, ಮತ್ತೊಂದೆಡೆ ‘ಥ್ಯಾಂಕ್ಸ್’. ವಾಕ್ಯಗಳು ಸಲೀಸಾಗಿ ಓದಿಸಿಕೊಳ್ಳುತ್ತವೆ, ದಾರ ಮಾತ್ರ ಕಡಿದುಹೋಗಿದೆ. ಪೌಲರ ಪ್ರಕಾರ ಹಣದ ತಟ್ಟೆಯಲ್ಲಿ ಬಿದ್ದದ್ದು, ಶಿಲುಬೆಯ ಮೇಲೆ ಕಂಡದ್ದು, ಬಲಿಪೂಜೆಯಲ್ಲಿ ನಾವು ಹಿಂದಿರುಗಿಸುವುದು ಬೇರೆ ಬೇರೆ ವಸ್ತುಗಳಲ್ಲ. ಒಂದೇ ಹೊಳೆ ಮೂರು ಕಡೆ ಕಂಡಂತೆ. ಈ ವಾಚನ ಬಂದ ದಿನ ಪ್ರಬೋಧಕರು ಕೃಪೆ ಎಂಬ ಪದವನ್ನು ಬಿಡದೆ ಹಿಡಿಯಬೇಕೆಂದು ನಮ್ಮ ಸಲಹೆ, ಕನ್ನಡ ವಾಕ್ಯ ಸ್ವಲ್ಪ ಒರಟಾದರೂ ಅಡ್ಡಿಯಿಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ಸಹಾಯಕ ಗುರುಗಳಾಗಿದ್ದ ಒಂದು ಧರ್ಮಕೇಂದ್ರದಲ್ಲಿ ದೇವಾಲಯದ ನವೀಕರಣ ಮುಗಿದಾಗ ಕೊಡುಗೆದಾರರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸುವ ಹೊಣೆ ನಮ್ಮ ಮೇಲೆ ಬಿತ್ತು. ಇಂತಿಷ್ಟು ಸಾವಿರಕ್ಕಿಂತ ಕಡಮೆ ಕೊಟ್ಟವರ ಹೆಸರು ಬೇಡವೆಂದು ಗೆರೆ ಎಳೆದವರು ನಾವೇ. ಕಲ್ಲಿನಲ್ಲಿ ಜಾಗವಿರಲಿಲ್ಲ ಎಂಬುದು ಆಗ ನಮಗೆ ಸಾಕಾದ ಕಾರಣ. ದೇವಾಲಯದ ಗೇಟಿನ ಬಳಿ ಹೂ ಮಾರುತ್ತಿದ್ದ ಒಬ್ಬ ತಾಯಿ ಎರಡು ವರ್ಷ ಪ್ರತಿ ಶನಿವಾರ ಸಂಜೆ ಹತ್ತು ಹತ್ತು ರೂಪಾಯಿ ತಂದುಕೊಟ್ಟಿದ್ದರು. ಒಟ್ಟು ಸೇರಿಸಿದರೂ ಗೆರೆಗೆ ಮುಟ್ಟಲಿಲ್ಲ. ಉದ್ಘಾಟನೆಯ ದಿನ ಅವರು ಆ ಕಲ್ಲಿಗೆ ಒಂದು ಮಾರು ಸೇವಂತಿಗೆ ಹಾಕಿ ಹೋದರು. ಓದು ಬಾರದ ಅವರಿಗೆ ಅಲ್ಲಿ ತಮ್ಮ ಹೆಸರಿಲ್ಲವೆಂಬುದು ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ನಮಗೆ ಇಂದಿಗೂ ಬಂದಿಲ್ಲ. ಲೂಕರ ಶುಭಸಂದೇಶದಲ್ಲಿ ಕೊನೆಯ ಭೋಜನದ ಮೇಜಿನ ಬಳಿ ಪ್ರಭು ಆಡಿದ ಮಾತೊಂದಿದೆ (22:25-26): ಅನ್ಯಜನರ ಅರಸರು ‘ಉಪಕಾರಿಗಳು’ ಎನ್ನಿಸಿಕೊಳ್ಳುತ್ತಾರೆ, ಶಿಷ್ಯರಲ್ಲಿ ಹಾಗಾಗಬಾರದು. ಗ್ರೀಕಿನ ‘ಎಉಎರ್ಗೆತೇಸ್’ ಎಂಬುದು ಬರಿಯ ವಿಶೇಷಣವಾಗಿರಲಿಲ್ಲ, ಅರಸರ ಬಿರುದಾಗಿತ್ತು; ಈಜಿಪ್ಟಿನ ಮೂರನೆಯ ಪ್ತೊಲೆಮಿಯ ಹೆಸರಿನೊಂದಿಗೇ ಅದು ಅಂಟಿಕೊಂಡಿದೆ. ಊರೂರುಗಳಲ್ಲಿ ಇಂತಹ ಉಪಕಾರಿಗಳ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಯುತ್ತಿದ್ದರು.

ಯಜಮಾನನ ಕಣ್ಣು, ಕೂಲಿಯಾಳಿನ ಕಣ್ಣು

ಈಗ ದ್ರಾಕ್ಷಿತೋಟಕ್ಕೆ ಮರಳೋಣ. ಯಜಮಾನನ ಕೊನೆಯ ಪ್ರಶ್ನೆಯಲ್ಲಿ (ಮತ್ತಾಯ 20:15) ಎನ್.ಆರ್.ಎಸ್.ವಿ. ‘ಜೆನರಸ್’ ಎನ್ನುತ್ತದೆ, ಆರ್.ಎಸ್.ವಿ. ಹಾಗೂ ಅದರ ಜಾಡಿನಲ್ಲಿ ಬಂದ ಇ.ಎಸ್.ವಿ. ‘ಜೆನರಾಸಿಟಿ’ ಎನ್ನುತ್ತವೆ. ಗ್ರೀಕಿನಲ್ಲಿರುವುದು ‘ಅಗಾಥೊಸ್’, ಅಂದರೆ ಬರಿಯ ‘ಒಳ್ಳೆಯವನು’. ಅದರ ಎದುರಿಗೆ ಇರುವುದು ‘ಕೆಟ್ಟ ಕಣ್ಣು’. ಹೀಬ್ರೂ ನುಡಿಗಟ್ಟಿನಲ್ಲಿ ಒಳ್ಳೆಯ ಕಣ್ಣಿನವನು ಕೊಡುವವನು, ಕೆಟ್ಟ ಕಣ್ಣಿನವನು ಜಿಪುಣ. ಜ್ಞಾನೋಕ್ತಿಗಳಲ್ಲಿ ಎರಡೂ ಸಿಗುತ್ತವೆ (22:9, 28:22). ಧರ್ಮೋಪದೇಶಕಾಂಡವು ಸಾಲ ಬಿಡುವ ಏಳನೆಯ ವರ್ಷ ಹತ್ತಿರವಾಯಿತೆಂದು ಬಡ ಸಹೋದರನ ಮೇಲೆ ಕಣ್ಣು ಕೆಡಿಸಿಕೊಳ್ಳಬೇಡವೆಂದು ಎಚ್ಚರಿಸುತ್ತದೆ (15:9). ಪರ್ವತ ಪ್ರಬೋಧನೆಯಲ್ಲಿ ಪ್ರಭು ಕಣ್ಣನ್ನು ದೇಹದ ದೀಪವೆಂದಾಗ ಒಳ್ಳೆಯ ಕಣ್ಣಿಗೆ ಬಳಸಿದ ವಿಶೇಷಣ ನಾವು ಈಗಾಗಲೇ ಕಂಡ ‘ಹಾಪ್ಲೂಸ್’, ಮಡಿಕೆಯಿಲ್ಲದ ಕಣ್ಣು (ಮತ್ತಾಯ 6:22).

ಆದುದರಿಂದ ಸಾಮತಿಯ ಪ್ರಶ್ನೆ ಎಷ್ಟು ಕೊಟ್ಟೆ ಎಂಬುದಲ್ಲ, ಹೇಗೆ ನೋಡುತ್ತೀ ಎಂಬುದು. ಯಜಮಾನ ಐದು ಸಲ ಮಾರುಕಟ್ಟೆಗೆ ಹೋಗಿ ನೋಡಿದ. ಕೊನೆಯ ಸಲ ಕೆಲಸ ಸಿಗದೆ ನಿಂತವರನ್ನು ಕಂಡು ಮಾತನಾಡಿಸಿದ. ಒಂದು ದೆನಾರಿ ಅಂದಿನ ಒಬ್ಬ ಕೂಲಿಯ ಮನೆಯ ಒಂದು ದಿನದ ಗಂಜಿ. ಐದು ಗಂಟೆಗೆ ಬಂದವನ ಮಕ್ಕಳ ಹೊಟ್ಟೆ ಬೆಳಗ್ಗೆ ಬಂದವನ ಮಕ್ಕಳ ಹೊಟ್ಟೆಗಿಂತ ಸಣ್ಣದಲ್ಲ. ಮೊದಲಿನವರಿಗೆ ಮಾತಿನಂತೆ ಕೊಟ್ಟಿದ್ದಾನೆ, ನ್ಯಾಯಕ್ಕೆ ಚ್ಯುತಿಯಿಲ್ಲ. ನೂರು ಕೊಡಬೇಕಾದವನಿಗೆ ತನ್ನದರಿಂದ ಇನ್ನೂರು ಕೊಟ್ಟವನು ನ್ಯಾಯವನ್ನು ಮುರಿಯುವುದಿಲ್ಲ ಎಂದು ಅಕ್ವಿನಾಸರು ದೇವರ ಕರುಣೆಯನ್ನು ವಿವರಿಸುವಾಗ ಕೊಡುವ ಉದಾಹರಣೆ (ಮೊದಲ ಭಾಗ, ಪ್ರಶ್ನೆ 21) ಇಲ್ಲಿ ನೇರವಾಗಿ ಕೂಡುತ್ತದೆ. ದೇವರು ಮಾತ್ರ ಪರಮ ‘ಲಿಬೆರಾಲಿಸ್’, ಏಕೆಂದರೆ ಅವರು ತಮಗೇನೋ ಸಿಗಲೆಂದು ಕೊಡುವವರಲ್ಲ, ತಮ್ಮ ಒಳ್ಳೆಯತನದಿಂದಲೇ ಕೊಡುವವರು ಎಂದೂ ಅವರೇ ಹೇಳುತ್ತಾರೆ (ಪ್ರಶ್ನೆ 44). ಅಂದರೆ ಮತ್ತಾಯರ ‘ಒಳ್ಳೆಯವನು’ ಎಂಬ ಸರಳ ಪದ ಸಾಕು. ‘ದಾನಿ’ಯ ಬಿರುದು ಬೇಕಿಲ್ಲ. ಕಾಫಿ ತೋಟದ ಮನೆಯ ನಮ್ಮ ವಿದ್ಯಾರ್ಥಿಯ ಆಕ್ಷೇಪಣೆ ವ್ಯಾಕರಣದ ದೃಷ್ಟಿಯಿಂದಲೂ ಸರಿಯಾಗಿತ್ತು.

ಗಲಾತ್ಯರಿಗೆ ಬರೆದ ಪತ್ರದ ಪವಿತ್ರಾತ್ಮರ ಫಲಗಳ ಪಟ್ಟಿಯಲ್ಲಿಯೂ (5:22) ಇದೇ ಬಳಗದ ‘ಅಗಾಥೊಸೂನೆ’ ಎಂಬ ಪದವನ್ನು ಎನ್.ಆರ್.ಎಸ್.ವಿ. ‘ಜೆನರಾಸಿಟಿ’ ಎಂದಿದೆ. ಗೊಂದಲ ಅಲ್ಲಿಗೆ ಮುಗಿಯುವುದಿಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ ಆಂಗ್ಲ ಆವೃತ್ತಿಯಲ್ಲಿ (1832) ಹನ್ನೆರಡು ಫಲಗಳ ಪೈಕಿ ಏಳನೆಯದು ‘ಜೆನರಾಸಿಟಿ’. ಹಳೆಯ ಆಂಗ್ಲ ಪಟ್ಟಿಗಳಲ್ಲಿ ಆ ಸ್ಥಾನದಲ್ಲಿ ‘ಲಾಂಗನಿಮಿಟಿ’ ಎಂಬ ಪದವಿತ್ತು: ದೀರ್ಘಶಾಂತಿ, ಬೇಗ ಬೇಸರಪಡದ ಉದ್ದನೆಯ ಮನಸ್ಸು. ‘ಲಾಂಗನಿಮಿಟಿ’ ಇಂದು ಯಾರಿಗೂ ಅರ್ಥವಾಗದೆಂಬ ಕಾರಣಕ್ಕೆ ಈ ಬದಲಾವಣೆ ಆಗಿದ್ದರೂ, ದೃಢೀಕರಣ ಸಂಸ್ಕಾರದ ಮಕ್ಕಳಿಗೆ ಪಾಠ ಹೇಳುವವರು ಕಾಣಿಕೆ ಡಬ್ಬಿಯ ಉದಾಹರಣೆ ಕೊಡುವ ಮುನ್ನ ಇದನ್ನು ತಿಳಿದಿರಬೇಕು. ಅಲ್ಲಿ ಕೇಳುತ್ತಿರುವುದು ಹಣವನ್ನಲ್ಲ, ಕಾಲವನ್ನು.

ಕಾಲ ಕೊಡುವುದು, ಅರ್ಥ ಕೊಡುವುದು: ಇವೂ ‘ಜೆನರಸ್’ ಪದದ ಇಂದಿನ ಛಾಯೆಗಳು. ಇನ್ನೊಬ್ಬರ ಮಾತನ್ನು ಸಾಧ್ಯವಾದಷ್ಟು ಒಳ್ಳೆಯ ಅರ್ಥದಲ್ಲಿ ತೆಗೆದುಕೊಳ್ಳುವುದನ್ನು ಆಂಗ್ಲರು ‘ಜೆನರಸ್’ ಓದು ಎನ್ನುತ್ತಾರೆ. ಸಂತ ಇಗ್ನಾಸಿಯವರು ಸಾಧನೆಗಳ ಆರಂಭದಲ್ಲೇ ಇದನ್ನು ಪೂರ್ವಭಾವನೆಯಾಗಿ ಇಟ್ಟಿದ್ದಾರೆ (22). ಧರ್ಮೋಪದೇಶ ಗ್ರಂಥ ನೆರೆಯವನ ಮಾನವನ್ನು ಕುರಿತು ಹೇಳುವಲ್ಲಿ ಅದನ್ನೇ ಸ್ಮರಿಸುತ್ತದೆ (2478). ಗುರುಮಠದ ಶಿಕ್ಷಕರಾದ ನಮಗೆ ಇದು ಬಹಳ ಹತ್ತಿರದ ವಿಷಯ. ವರ್ಷದ ಕೊನೆಯಲ್ಲಿ ಪ್ರತಿ ವಿದ್ಯಾರ್ಥಿಯ ಬಗೆಗೆ ಧರ್ಮಾಧ್ಯಕ್ಷರಿಗೆ ವರದಿ ಬರೆಯುತ್ತೇವೆ. ಒಂದು ವಾಕ್ಯ ಒಬ್ಬ ಯುವಕನ ದಾರಿಯನ್ನು ತಿರುಗಿಸಬಲ್ಲದು. ಕೈಬಿಚ್ಚಿ ಅಂಕ ಕೊಡುವುದು ಸುಲಭ. ತರಗತಿಯ ನಡುವೆ ಎದ್ದುನಿಂತು ಪ್ರಶ್ನಿಸಿದವನನ್ನು ‘ವಿಧೇಯತೆ ಸಾಲದು’ ಎಂದು ಬರೆಯದಿರಲು ಬೇಕಾದದ್ದು ಬೇರೆಯದೇ ಔದಾರ್ಯ. ಹಿಂದಿನ ಸಾಲಿನ ಆ ವಿದ್ಯಾರ್ಥಿಯ ವರದಿ ಬರೆಯುವಾಗ ನಮ್ಮ ಲೇಖನಿ ಎರಡು ಸಲ ನಿಂತಿತೆಂದು ಇಲ್ಲಿ ಬರೆಯಲು ನಮಗೆ ಸಂಕೋಚವಿಲ್ಲ.

ಮುಂದಿನ ವಾರ ಅದೇ ಪ್ರಬೋಧನೆ ತಿದ್ದುಪಡಿಯೊಂದಿಗೆ ಮರಳಿ ಬಂತು. ‘ದಾನಶೀಲ’ ಹೋಗಿತ್ತು. ಪ್ರಬೋಧಕರು ಯಜಮಾನನನ್ನು ‘ಒಳ್ಳೆಯ ಮನುಷ್ಯ’ ಎಂದಷ್ಟೇ ಕರೆದು, ಮೊದಲು ಬಂದ ಕೂಲಿಗಳ ಕಣ್ಣು ಕೆಂಪಾದುದನ್ನು ವಿವರಿಸಿ, ಸಂಜೆಯ ಬಟವಾಡೆಯ ಸಾಲನ್ನು ಕಣ್ಣಿಗೆ ಕಟ್ಟುವಂತೆ ಹೇಳಿದರು. ಆ ವಿವರಗಳನ್ನು ಅವರು ಎಲ್ಲಿಂದ ಪಡೆದರೆಂದು ತರಗತಿಗೆಲ್ಲ ಗೊತ್ತಿತ್ತು. ಮುಗಿದ ಮೇಲೆ ಹಿಂದಿನ ಸಾಲಿನ ಕೈ ಮತ್ತೆ ಮೇಲೆದ್ದಿತು. “ಈಗ ಸರಿಯಾಗಿದೆ, ಫಾದರ್. ಆದರೆ ಮಾರನೆಯ ದಿನ ಬೆಳಗ್ಗೆ ಆರು ಗಂಟೆಗೆ ಎಷ್ಟು ಜನ ಕೆಲಸಕ್ಕೆ ಬಂದಾರು?” ಉಳಿದ ಅರ್ಧ ಗಂಟೆ ಆ ಪ್ರಶ್ನೆಗೇ ಮೀಸಲಾಯಿತು.